ನಿರ್ದೇಶಕರಿಗೆ ಪಾಠ ಹೇಳುವವರು ಯಾರು?

1848ರಲ್ಲಿ ತಂದೆ ತೀರಿಕೊಂಡಾಗ ಬ್ಯೂಟ್‌ನ ಮಾರ್ಕ್ವಿಸ್ ಎಂಬ ಬಿರುದಿನ ಬ್ರಿಟಿಷ್ ಶ್ರೀಮಂತನಿಗೆ ಆರು ತಿಂಗಳು. ಆಸ್ತಿ, ಬಿರುದುಗಳ ಜೊತೆಗೆ ಕಾರ್ಡಿಫ್ ಸೇವಿಂಗ್ಸ್ ಬ್ಯಾಂಕಿನ ಅಧ್ಯಕ್ಷ ಸ್ಥಾನವೂ ಆ ಹಸುಗೂಸಿನ ಪಾಲಿಗೆ ಬಂತು. ಮುಂದಿನ 38 ವರ್ಷಗಳಲ್ಲಿ ಆತ ಮಂಡಳಿಯ ಒಂದೇ ಒಂದು ಸಭೆಗೆ ಹೋದ. ಬ್ಯಾಂಕು ಮುಳುಗಿದ ಮೇಲೆ ಅಧ್ಯಕ್ಷನಿಂದಲೇ ನಷ್ಟ ವಸೂಲು ಮಾಡಬೇಕೆಂದು ವ್ಯಾಜ್ಯ ಹೂಡಲಾಯಿತು. 1892ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಅವನು ಹೊಣೆಗಾರನಲ್ಲ ಎಂದು ತೀರ್ಪು ಕೊಟ್ಟಿತು. 1911ರಲ್ಲಿ ಬ್ರೆಜಿಲ್‌ನ ರಬ್ಬರ್ ತೋಟಗಳ ಕಂಪನಿಯೊಂದರ ಪ್ರಕರಣದಲ್ಲಿ ಇನ್ನೊಬ್ಬ ನ್ಯಾಯಾಧೀಶರು ಮತ್ತೂ ಒಂದು ಹೆಜ್ಜೆ ಮುಂದೆ ಹೋದರು: ರಬ್ಬರಿನ ಗಂಧಗಾಳಿ ಇಲ್ಲದವನೂ ರಬ್ಬರ್ ಕಂಪನಿಯ ನಿರ್ದೇಶಕನಾಗಬಹುದು, ಆ ಅಜ್ಞಾನದಿಂದ ಆದ ತಪ್ಪುಗಳಿಗೆ ಅವನನ್ನು ಹೊಣೆ ಮಾಡಲಾಗದು ಎಂದರು. ನಿರ್ದೇಶಕ ಎಂದರೆ ಕಂಪನಿಯ ಲೆಟರ್‌ಹೆಡ್ಡಿಗೆ ಶೋಭೆ ತರುವ ಹೆಸರು, ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಆ ಕಾಲ ಹೋಗಿದೆ. 2025ರ ಜುಲೈ 1ರಿಂದ ಹಾಂಗ್‌ಕಾಂಗ್ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗೆ ಮೊದಲ ಬಾರಿ ನಿರ್ದೇಶಕರಾದವರು ಹದಿನೆಂಟು ತಿಂಗಳೊಳಗೆ 24 ಗಂಟೆಗಳ ತರಬೇತಿ ಮುಗಿಸಬೇಕು. ಸಿಂಗಾಪುರದಲ್ಲಿ ಹೊಸಬರಿಗೆ ನಿಗದಿತ ತರಬೇತಿಯಷ್ಟೇ ಅಲ್ಲದೆ, 2022ರಿಂದ ಸುಸ್ಥಿರತೆಯ ಕುರಿತ ಪಾಠವೂ ಎಲ್ಲ ನಿರ್ದೇಶಕರಿಗೆ ಕಡ್ಡಾಯ. ಭಾರತದಲ್ಲಿ ಸ್ವತಂತ್ರ ನಿರ್ದೇಶಕರು, ಅಂದರೆ ಕಂಪನಿಯ ಮಾಲೀಕರಿಗಾಗಲಿ ಆಡಳಿತ ವರ್ಗಕ್ಕಾಗಲಿ ಸೇರದ ಹೊರಗಿನವರು, ಸರ್ಕಾರದ ದತ್ತಾಂಶ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ, ವಿನಾಯಿತಿ ಇಲ್ಲದವರು ಆನ್‌ಲೈನ್ ಪರೀಕ್ಷೆಯೊಂದನ್ನು ಪಾಸು ಮಾಡಬೇಕು; ಪಟ್ಟಿಯಾದ ಕಂಪನಿಗಳು ತಮ್ಮ ಸ್ವತಂತ್ರ ನಿರ್ದೇಶಕರಿಗೆ ಎಷ್ಟು ಪರಿಚಯ ಕಾರ್ಯಕ್ರಮ ನಡೆಸಿದೆವು, ಎಷ್ಟು ಗಂಟೆ ಕಳೆದೆವು ಎಂಬುದನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ನ್ಯೂಯಾರ್ಕ್ ಷೇರುಪೇಟೆಯ ನಿಯಮ ಸ್ವಲ್ಪ ಸಡಿಲ: ನಿರ್ದೇಶಕರ ಆರಂಭಿಕ ಪರಿಚಯ ಮತ್ತು ನಿರಂತರ ಶಿಕ್ಷಣದ ಬಗ್ಗೆ ಕಂಪನಿ ತನ್ನ ಆಡಳಿತ ಮಾರ್ಗಸೂಚಿಯಲ್ಲಿ ಏನಾದರೂ ಹೇಳಿರಬೇಕು, ಅಷ್ಟೆ.

ಅಂದರೆ ನಿರ್ದೇಶಕರು ಕಲಿಯಬೇಕು ಎಂಬುದರಲ್ಲಿ ಈಗ ತಕರಾರಿಲ್ಲ. ತಕರಾರು ಇರಬೇಕಾದದ್ದು ಬೇರೆಡೆ, ಏನನ್ನು ಕಲಿಸುತ್ತಾರೆ ಮತ್ತು ಯಾರು ಕಲಿಸುತ್ತಾರೆ ಎಂಬಲ್ಲಿ. ನಿರ್ದೇಶಕ ಮಂಡಳಿಯ ಮೂಲ ಕೆಲಸ ಆಡಳಿತ ವರ್ಗದ ಮೇಲೆ ಕಣ್ಣಿಡುವುದು. ಆದರೆ ಆ ಕಣ್ಣಿಗೆ ಏನು ಬೀಳಬೇಕು, ಯಾವ ಕ್ರಮದಲ್ಲಿ ಬೀಳಬೇಕು ಎಂಬುದನ್ನು ಬಹುತೇಕ ಕಂಪನಿಗಳಲ್ಲಿ ನಿರ್ಧರಿಸುವುದು ಅದೇ ಆಡಳಿತ ವರ್ಗ. ಈ ಗಂಟು ಬಿಡಿಸದೆ ತರಬೇತಿಯ ಗಂಟೆಗಳನ್ನು ಎಷ್ಟು ಹೆಚ್ಚಿಸಿದರೂ ಫಲ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಕಾನೂನಿನ ಧೋರಣೆ ಹೇಗೆ ಬದಲಾಯಿತು ಎಂಬುದನ್ನು ನೋಡಿದರೆ ಏನು ಕಲಿಸಬೇಕು ಎಂಬುದರ ಸುಳಿವೂ ಸಿಗುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮರುವಿಮೆ (ವಿಮಾ ಕಂಪನಿಗಳೇ ಮಾಡಿಸಿಕೊಳ್ಳುವ ವಿಮೆ) ದಲ್ಲಾಳಿ ಕಂಪನಿಯೊಂದಿತ್ತು. ಸಂಸ್ಥಾಪಕ ತೀರಿಕೊಂಡ ಮೇಲೆ ವಯಸ್ಸಾದ ಪತ್ನಿ ನಿರ್ದೇಶಕಿಯಾಗಿಯೇ ಮುಂದುವರಿದರು, ವ್ಯವಹಾರ ಇಬ್ಬರು ಗಂಡುಮಕ್ಕಳ ಕೈಗೆ ಹೋಯಿತು. ಒಬ್ಬ ಮಗ ಅಪ್ಪನ ಮೈಮೇಲಿನ ಅಂಗಿಯನ್ನೂ ಬಿಡುವವನಲ್ಲ ಎಂದು ಗಂಡ ಬದುಕಿದ್ದಾಗಲೇ ಆಕೆಯನ್ನು ಎಚ್ಚರಿಸಿದ್ದನಂತೆ. ಮಕ್ಕಳು ಗ್ರಾಹಕರ ಹಣವನ್ನು ‘ಷೇರುದಾರರ ಸಾಲ’ ಎಂಬ ಹೆಸರಿನಲ್ಲಿ ವರ್ಷವರ್ಷವೂ ಎತ್ತುತ್ತಾ ಹೋದರು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಕಂಪನಿಯ ವಾರ್ಷಿಕ ಲೆಕ್ಕಪತ್ರದಲ್ಲಿಯೇ ಆ ಸಾಲ ಏರುತ್ತಿರುವುದು, ದುಡಿಯುವ ಬಂಡವಾಳ ಕರಗುತ್ತಿರುವುದು ಎರಡೂ ಕಾಣುತ್ತಿತ್ತು. ಆಕೆ ಅದನ್ನು ಓದಲಿಲ್ಲ, ಕಚೇರಿಗೆ ಹೋದದ್ದೂ ಒಮ್ಮೆ ಮಾತ್ರ. ಕಂಪನಿ ದಿವಾಳಿಯಾಯಿತು. 1981ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಆಗಲೇ ತೀರಿಕೊಂಡಿದ್ದ ಆಕೆ ಬಿಟ್ಟುಹೋದ ಆಸ್ತಿಯ ಮೇಲೆ ಒಂದು ಕೋಟಿ ಡಾಲರಿಗೂ ಮಿಕ್ಕಿದ ಹೊಣೆಯನ್ನು ಎತ್ತಿಹಿಡಿಯಿತು. ನಿರ್ದೇಶಕರಾದವರು ಕಂಪನಿ ನಡೆಸುವ ವ್ಯವಹಾರದ ಪ್ರಾಥಮಿಕ ತಿಳಿವಳಿಕೆಯನ್ನಾದರೂ ಗಳಿಸಬೇಕು, ಲೆಕ್ಕಪತ್ರಗಳನ್ನು ನಿಯತವಾಗಿ ನೋಡಬೇಕು, ಕಣ್ಣು ಮುಚ್ಚಿಕೊಂಡು ‘ನನಗೆ ಕಾಣಲಿಲ್ಲ’ ಎನ್ನಲಾಗದು ಎಂಬುದು ಆ ತೀರ್ಪಿನ ಸಾರ.

ಇದನ್ನು ಪಾಪದ ಮುದುಕಿಯೊಬ್ಬರ ಕಥೆ ಎಂದು ಬದಿಗಿಡಬಹುದಿತ್ತು, ಆಸ್ಟ್ರೇಲಿಯಾದ ಸೆಂಟ್ರೊ ಪ್ರಕರಣ ಬಾರದೇ ಇದ್ದಿದ್ದರೆ. ಸೆಂಟ್ರೊ ಶಾಪಿಂಗ್ ಮಾಲ್‌ಗಳ ದೊಡ್ಡ ಸಮೂಹ. ಮಂಡಳಿಯಲ್ಲಿದ್ದವರು ಅನುಭವಿಗಳು, ಹೆಸರುವಾಸಿಗಳು. ಲೆಕ್ಕಪರಿಶೋಧಕರು ಜಾಗತಿಕ ಸಂಸ್ಥೆಯವರು. 2007ರ ಲೆಕ್ಕಪತ್ರದಲ್ಲಿ ಹನ್ನೆರಡು ತಿಂಗಳೊಳಗೆ ತೀರಿಸಬೇಕಾಗಿದ್ದ ಸುಮಾರು 150 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಲ ದೀರ್ಘಾವಧಿಯ ಸಾಲದ ಸಾಲಿನಲ್ಲಿ ಕುಳಿತಿತ್ತು. ಲೆಕ್ಕ ಮುಗಿದ ದಿನದ ನಂತರ ಕೊಟ್ಟಿದ್ದ 175 ಕೋಟಿ ಅಮೆರಿಕನ್ ಡಾಲರ್ ಮೊತ್ತದ ಖಾತರಿಯ ಪ್ರಸ್ತಾಪವೇ ಇರಲಿಲ್ಲ. ಆಡಳಿತ ವರ್ಗ ನೋಡಲಿಲ್ಲ, ಆಡಿಟರು ನೋಡಲಿಲ್ಲ, ನಿರ್ದೇಶಕರು ಸಹಿ ಹಾಕಿದರು. ಅದೇ ವರ್ಷದ ಕೊನೆಗೆ ಜಗತ್ತಿನ ಸಾಲದ ಮಾರುಕಟ್ಟೆ ಬಿಗಿಯಾದಾಗ, ತಕ್ಷಣ ತೀರಿಸಬೇಕಾದ ಸಾಲ ಎಷ್ಟು ಎಂಬ ಆ ಒಂದು ಸಾಲೇ ಕಂಪನಿಯ ಅಳಿವು ಉಳಿವಿನ ಪ್ರಶ್ನೆಯಾಯಿತು.

ವಿಚಾರಣೆಯಲ್ಲಿ ನಿರ್ದೇಶಕರು ಮುಂದಿಟ್ಟ ಸಮಾಧಾನಗಳಲ್ಲಿ ಒಂದು, ಮಂಡಳಿಗೆ ಬರುತ್ತಿದ್ದ ಕಾಗದಪತ್ರಗಳ ರಾಶಿ ಅಗಾಧ ಮತ್ತು ಜಟಿಲವಾಗಿತ್ತು ಎಂಬುದು. 2011ರ ತೀರ್ಪು ಅದನ್ನು ಒಪ್ಪಲಿಲ್ಲ. ತನಗೆ ಎಷ್ಟು ಮಾಹಿತಿ ಬರಬೇಕು, ಯಾವ ರೂಪದಲ್ಲಿ ಬರಬೇಕು ಎಂಬುದನ್ನು ಹತೋಟಿಯಲ್ಲಿಡಬಲ್ಲದ್ದು ಮಂಡಳಿಯೇ; ಸಾಲಗಳ ಗಡುವಿನ ವಿವರ ಅವರ ಕೈಗೇ ಬಂದಿತ್ತು; ಚಾಲ್ತಿ ಹೊಣೆ (ಹನ್ನೆರಡು ತಿಂಗಳೊಳಗೆ ತೀರಿಸಬೇಕಾದದ್ದು) ಮತ್ತು ದೀರ್ಘಾವಧಿ ಹೊಣೆಯ ನಡುವಿನ ವ್ಯತ್ಯಾಸ ನಿರ್ದೇಶಕನಿಗೆ ಗೊತ್ತಿರಲೇಬೇಕಾದ ಮೂಲಪಾಠ ಎಂದಿತು. ಗಮನಿಸಬೇಕಾದದ್ದು ಇಲ್ಲಿದೆ. ಈ ನಿರ್ದೇಶಕರಿಗೆ ಕಾನೂನಿನ ಕರ್ತವ್ಯಗಳ ಬಗ್ಗೆ ಇನ್ನೂ ಇಪ್ಪತ್ತು ಗಂಟೆ ಉಪನ್ಯಾಸ ಕೊಡಿಸಿದ್ದರೆ ಏನೂ ಬದಲಾಗುತ್ತಿರಲಿಲ್ಲ. ಕೈಯಲ್ಲಿದ್ದ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಅವರಿಗೆ ಬೇಕಿತ್ತು.

ಈಗ ಸಾಮಾನ್ಯವಾಗಿ ನಡೆಯುವ ಪರಿಚಯ ಕಾರ್ಯಕ್ರಮವನ್ನು ನೋಡೋಣ. ಹೊಸ ನಿರ್ದೇಶಕರಿಗೆ ಕಂಪನಿ ಕಾರ್ಯದರ್ಶಿ ಒಂದು ದಪ್ಪ ಕಡತ ಕೊಡುತ್ತಾರೆ: ಕಂಪನಿಯ ಘಟನಾಪತ್ರ, ನೀತಿ ಸಂಹಿತೆ, ಒಳಗಿನ ಸುದ್ದಿ ಬಳಸಿ ಷೇರು ವ್ಯವಹಾರ ಮಾಡಬಾರದೆಂಬ ನಿಯಮ, ಸಮಿತಿಗಳ ಅಧಿಕಾರ ವ್ಯಾಪ್ತಿ, ಹಿಂದಿನ ಮೂರು ವರ್ಷಗಳ ವಾರ್ಷಿಕ ವರದಿ. ಆಮೇಲೆ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ಬೆಳಿಗ್ಗೆ ಮುಖ್ಯ ಕಾರ್ಯನಿರ್ವಾಹಕರು ಕಂಪನಿಯ ದೃಷ್ಟಿಕೋನ ವಿವರಿಸುತ್ತಾರೆ, ನಂತರ ಪ್ರತಿ ವಿಭಾಗದ ಮುಖ್ಯಸ್ಥರಿಗೂ ಮುಕ್ಕಾಲು ಗಂಟೆ, ಪ್ರತಿಯೊಬ್ಬರದ್ದೂ ನಲವತ್ತು ಸ್ಲೈಡು. ಸಂಜೆ ಕಾರ್ಖಾನೆಗೆ ಭೇಟಿ. ನೆಲ ತೊಳೆದಿರುತ್ತದೆ, ಹಳದಿ ಪಟ್ಟಿಗೆ ಹೊಸ ಬಣ್ಣ ಬಳಿದಿರುತ್ತದೆ, ಮಾತನಾಡಬೇಕಾದ ನೌಕರರನ್ನು ಮೊದಲೇ ಆರಿಸಿರುತ್ತಾರೆ. ಹೊಸಬರು ತಲೆದೂಗುತ್ತಾರೆ. ಇಡೀ ದಿನದಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೆ ಕಂಪನಿಯ ಬಗ್ಗೆ ಅವರ ಮನಸ್ಸಿನಲ್ಲಿ ಮೂಡಿದ ಮೊದಲ ಚಿತ್ರ ಆಡಳಿತ ವರ್ಗ ಬರೆದ ಚಿತ್ರ. ಆ ಚೌಕಟ್ಟಿನಿಂದ ಹೊರಬರುವುದಕ್ಕೆ ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಅವಧಿಯೂ ಮುಗಿದಿರುತ್ತದೆ.

ಹೊಸಬರಿಗೆ ಒಂದು ವರವಿರುತ್ತದೆ, ಅದನ್ನು ಈ ಪದ್ಧತಿ ವ್ಯರ್ಥ ಮಾಡುತ್ತದೆ. ಮೊದಲ ಕೆಲವು ತಿಂಗಳು ಅವರು ಯಾವ ಪೆದ್ದು ಪ್ರಶ್ನೆಯನ್ನಾದರೂ ಕೇಳಬಹುದು. ‘ಈ ಅಂಗಸಂಸ್ಥೆ ಏಕೆ ಇದೆ?’, ‘ಈ ಒಬ್ಬ ಪೂರೈಕೆದಾರರ ಹತ್ತಿರವೇ ಏಕೆ ಕೊಳ್ಳುತ್ತೇವೆ?’ ಎಂದು ಐದು ವರ್ಷ ಕೂತವರು ಕೇಳಿದರೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂಬ ನೋಟ ಎದುರಾಗುತ್ತದೆ. ಹೊಸಬರು ಕೇಳಿದರೆ ಉತ್ತರ ಸಿಗುತ್ತದೆ, ಪಕ್ಕದಲ್ಲಿ ಕೂತ ಹಳಬರೂ ಕಿವಿಗೊಡುತ್ತಾರೆ, ಏಕೆಂದರೆ ಅವರಿಗೂ ಅದು ಗೊತ್ತಿರುವುದಿಲ್ಲ.

ಹಾಗಾದರೆ ಮೊದಲು ಕಲಿಯಬೇಕಾದದ್ದೇನು? ನನ್ನ ಪ್ರಕಾರ ಎರಡು ಸಂಗತಿ, ನೀತಿ ಸಂಹಿತೆಗಳ ಕಡತ ಅವುಗಳ ನಂತರ.

ಮೊದಲನೆಯದು, ಈ ಕಂಪನಿ ತಪ್ಪು ಮಾಡಿದರೆ ಯಾರ ಪ್ರಾಣಕ್ಕೆ ಅಥವಾ ಯಾರ ಬದುಕಿಗೆ ಕುತ್ತು ಬರುತ್ತದೆ, ಆ ಸುದ್ದಿ ಮಂಡಳಿಗೆ ಯಾವ ದಾರಿಯಲ್ಲಿ ಬರುತ್ತದೆ ಎಂಬುದು. ಅಮೆರಿಕದ ಬ್ಲೂ ಬೆಲ್ ಕಂಪನಿ ತಯಾರಿಸುತ್ತಿದ್ದದ್ದು ಐಸ್‌ಕ್ರೀಮ್ ಒಂದನ್ನೇ. 2015ರಲ್ಲಿ ಅದರ ಉತ್ಪನ್ನಗಳಲ್ಲಿ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಸೇರಿ ಮೂವರು ಸತ್ತರು. ಆಹಾರ ಸುರಕ್ಷತೆಗೆಂದು ಮಂಡಳಿಯಲ್ಲಿ ಸಮಿತಿ ಇರಲಿಲ್ಲ, ಕಾರ್ಯಸೂಚಿಯಲ್ಲಿ ನಿಯತ ಜಾಗವೂ ಇರಲಿಲ್ಲ. ಕೆಳಹಂತಕ್ಕೆ ಬಂದ ಎಚ್ಚರಿಕೆಗಳು ಮೇಲಕ್ಕೆ ತಲುಪುವ ಕಾಲುವೆಯೇ ಇರಲಿಲ್ಲ ಎಂಬುದು ಷೇರುದಾರರ ದೂರು. ಈ ಆರೋಪಗಳ ಆಧಾರದ ಮೇಲೆ ನಿರ್ದೇಶಕರ ವಿರುದ್ಧದ ಮೊಕದ್ದಮೆ ಮುಂದುವರಿಯಬಹುದು ಎಂದು 2019ರಲ್ಲಿ ಡೆಲಾವೇರ್ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಬೋಯಿಂಗ್‌ನ ಎರಡು 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಜನ ಸತ್ತ ನಂತರ, ವಿಮಾನ ತಯಾರಕರ ಮಂಡಳಿಯಲ್ಲೂ ಸುರಕ್ಷತೆಗೆಂದೇ ಒಂದು ಸಮಿತಿ ಇರಲಿಲ್ಲ ಎಂಬ ವಿಷಯ ಅದೇ ರಾಜ್ಯದ ನ್ಯಾಯಾಲಯದ ಮುಂದೆ ಬಂತು, ಮೊಕದ್ದಮೆ 23.75 ಕೋಟಿ ಡಾಲರಿಗೆ ರಾಜಿಯಾಯಿತು. ಐಸ್‌ಕ್ರೀಮ್ ಕಂಪನಿಯ ನಿರ್ದೇಶಕರಿಗೆ ಸೂಕ್ಷ್ಮಾಣು ಶಾಸ್ತ್ರದ ಪದವಿ ಬೇಕಿಲ್ಲ. ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು ಎಂಬ ಕಾಗದ ಪ್ರಯೋಗಾಲಯದಿಂದ ಹೊರಟು ಎಷ್ಟು ಮೇಜುಗಳನ್ನು ದಾಟಿ ನಮ್ಮ ಮೇಜಿಗೆ ಬರುತ್ತದೆ, ಯಾವ ಮೇಜಿನಲ್ಲಿ ನಿಂತುಹೋಗುವ ಸಾಧ್ಯತೆ ಇದೆ ಎಂದು ಕೇಳಿ ತಿಳಿದಿದ್ದರೆ ಸಾಕಿತ್ತು. ಇದನ್ನು ಸ್ಲೈಡು ತೋರಿಸಿ ಕಲಿಸಲಾಗದು. ಹೊಸ ನಿರ್ದೇಶಕರು ಗುಣಮಟ್ಟ ವಿಭಾಗದವರ ಜೊತೆ, ಮೇಲಧಿಕಾರಿಗಳಿಲ್ಲದೆ, ಅರ್ಧ ದಿನ ಕೂರಬೇಕಾಗುತ್ತದೆ.

ಎರಡನೆಯದು ದುಡ್ಡು. ಲೆಕ್ಕಪತ್ರ ಓದುವುದನ್ನು ಕಲಿಸುವ ತರಗತಿಗಳಲ್ಲಿ ವ್ಯಾಖ್ಯೆಗಳನ್ನು ಹೇಳಿಕೊಡುತ್ತಾರೆ, ಓದುವುದನ್ನು ಹೇಳಿಕೊಡುವುದು ಅಪರೂಪ. ಒಂದು ಕಾಲ್ಪನಿಕ ಕಂಪನಿಯ ಉದಾಹರಣೆ ತೆಗೆದುಕೊಳ್ಳೋಣ. ವರ್ಷದ ಮಾರಾಟ 100ರಿಂದ 110 ಕೋಟಿಗೆ ಏರಿದೆ, ಲಾಭವೂ ಏರಿದೆ. ಸಭೆಯಲ್ಲಿ ಸಂತೋಷ. ಆದರೆ ಗ್ರಾಹಕರಿಂದ ಬರಬೇಕಾದ ಬಾಕಿ 20 ಕೋಟಿಯಿಂದ 32 ಕೋಟಿಯಾಗಿದೆ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ, ಹೋದ ವರ್ಷ ದುಡ್ಡು ಕೈಗೆ ಬರಲು ಸರಾಸರಿ 73 ದಿನ ಹಿಡಿಯುತ್ತಿತ್ತು, ಈ ವರ್ಷ 106 ದಿನ. ಪುಟ ತಿರುಗಿಸಿ ನಗದು ಹರಿವಿನ ಪಟ್ಟಿ ನೋಡಿದರೆ ವ್ಯವಹಾರದಿಂದ ಬಂದ ನಗದು ಕುಗ್ಗಿದೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣ ಇರಬಹುದು: ಗ್ರಾಹಕರು ಸೋತಿದ್ದಾರೆ, ಗುರಿ ಮುಟ್ಟಲು ವರ್ಷದ ಕೊನೆಯಲ್ಲಿ ವಿತರಕರ ಗೋದಾಮಿಗೆ ಬಲವಂತವಾಗಿ ಮಾಲು ತುಂಬಿದ್ದಾರೆ, ಅಥವಾ ಮಾರಾಟ ಆಗಿಯೇ ಇಲ್ಲ. ಆಗ ನಿರ್ದೇಶಕರು ಕೇಳಬೇಕಾದ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ವರ್ಷದ ಕೊನೆಯ ಹದಿನೈದು ದಿನಗಳಲ್ಲಿ ಎಷ್ಟು ಮಾರಾಟ ಆಯಿತು? ಮುಂದಿನ ತಿಂಗಳಲ್ಲಿ ಎಷ್ಟು ಮಾಲು ವಾಪಸ್ಸು ಬಂತು? ಬಾಕಿ ಇರುವ ಮೊದಲ ಹತ್ತು ಗ್ರಾಹಕರು ಯಾರು, ಅವರಲ್ಲಿ ಈ ವರ್ಷ ಹೊಸದಾಗಿ ಸೇರಿದವರೆಷ್ಟು? ಬೇಕಾದದ್ದು ಭಾಗಾಕಾರ, ಗುಣಾಕಾರ ಮತ್ತು ಸ್ವಲ್ಪ ಸಂಶಯ. ಹೊಸ ನಿರ್ದೇಶಕರೊಬ್ಬರನ್ನು ತಮ್ಮದೇ ಕಂಪನಿಯ ಹಿಂದಿನ ಐದು ವರ್ಷಗಳ ಲೆಕ್ಕದ ಮುಂದೆ ಒಂದು ದಿನ ಕೂರಿಸಿ, ಪಕ್ಕದಲ್ಲಿ ಕಂಪನಿಗೆ ಸಂಬಂಧಪಡದ ಅನುಭವಿ ಲೆಕ್ಕಿಗರೊಬ್ಬರನ್ನು ಕೂರಿಸಿದರೆ, ಹೊರಗಿನ ಸಂಸ್ಥೆಯ ಮೂರು ದಿನದ ಪ್ರಮಾಣಪತ್ರ ಶಿಬಿರಕ್ಕಿಂತ ಹೆಚ್ಚು ಕಲಿಯುತ್ತಾರೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಕಂಪನಿಗೆ ಸಂಬಂಧಪಡದವರು ಎಂದೆ. ಅಲ್ಲೇ ಮೂಲಪ್ರಶ್ನೆ ಮರಳಿ ಬರುತ್ತದೆ. ನಿರ್ದೇಶಕರ ಶಿಕ್ಷಣಕ್ಕೆ ಹಣ ಎಲ್ಲಿಂದ ಬರಬೇಕು, ಪಠ್ಯವನ್ನು ಯಾರು ನಿರ್ಧರಿಸಬೇಕು? ಕಂಪನಿಯ ಖರ್ಚಿನಲ್ಲಿಯೇ ಆಗಲಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ಬಾಬ್ತು ಮುಖ್ಯ ಕಾರ್ಯನಿರ್ವಾಹಕರ ಕೈಯಲ್ಲಿರದೆ ಮಂಡಳಿಯ ಅಧ್ಯಕ್ಷರ ಅಥವಾ ನಿರ್ದೇಶಕರನ್ನು ಆರಿಸುವ ನಾಮನಿರ್ದೇಶನ ಸಮಿತಿಯ ಕೈಯಲ್ಲಿರಬೇಕು. ಕಾರ್ಯಸೂಚಿಯ ಕರಡನ್ನು ಕಂಪನಿ ಕಾರ್ಯದರ್ಶಿ ತಯಾರಿಸಲಿ, ಹೊಸ ನಿರ್ದೇಶಕರು ಅದಕ್ಕೆ ತಮಗೆ ಬೇಕಾದ ಹೆಸರುಗಳನ್ನು ಸೇರಿಸುವಂತಿರಲಿ: ಆಂತರಿಕ ಲೆಕ್ಕಪರಿಶೋಧಕರು, ಹೊರಗಿನ ಆಡಿಟರು, ದೊಡ್ಡ ಗ್ರಾಹಕರೊಬ್ಬರು, ಸಾಧ್ಯವಾದರೆ ಕಂಪನಿಯ ಷೇರನ್ನು ಮಾರಿ ಹೋದ ಹೂಡಿಕೆದಾರರೊಬ್ಬರು. ಕೊನೆಯವರು ಹೇಳುವುದನ್ನು ಯಾವ ವಿಭಾಗದ ಸ್ಲೈಡೂ ಹೇಳುವುದಿಲ್ಲ.

ನಿಯಂತ್ರಕರು ಗಂಟೆಗಳನ್ನು ಎಣಿಸುವುದು ಅರ್ಥವಾಗುವಂಥದ್ದೇ, ಎಣಿಸಲು ಬರುವುದು ಅದೊಂದೇ. ಭಾರತದ ಪರೀಕ್ಷೆಯನ್ನೇ ನೋಡಿ. ಆರಂಭದಲ್ಲಿ ಉತ್ತೀರ್ಣರಾಗಲು ಶೇ 60 ಅಂಕ ಬೇಕಿತ್ತು, 2020ರ ಕೊನೆಯಲ್ಲಿ ಅದನ್ನು ಶೇ 50ಕ್ಕೆ ಇಳಿಸಲಾಯಿತು; ಎಷ್ಟು ಸಲ ಬೇಕಾದರೂ ಬರೆಯಬಹುದು. ಪರೀಕ್ಷೆಯಿಂದ ಕೆಡುಕಿಲ್ಲ, ಕನಿಷ್ಠ ಕಂಪನಿ ಕಾಯ್ದೆಯ ಪುಟಗಳನ್ನು ಒಮ್ಮೆ ತಿರುವಿ ಹಾಕಿಸುತ್ತದೆ. ಆದರೆ ಗಂಟೆ ಪ್ರಕಟಿಸಬೇಕು ಎಂದಾಗ ಕಂಪನಿಗಳು ಮಾಡುವುದು ಸುಲಭದ ಕೆಲಸ: ಮಂಡಳಿಯ ಸಭೆಯಲ್ಲಿ ಹೇಗೂ ನಡೆಯುವ ವಿಭಾಗೀಯ ವರದಿಯನ್ನೇ ‘ಪರಿಚಯ ಕಾರ್ಯಕ್ರಮ’ ಎಂದು ಕರೆದು ಜಾಲತಾಣದ ಕೋಷ್ಟಕಕ್ಕೆ ಸೇರಿಸುವುದು. ಕಾಟಾಚಾರಕ್ಕೆ ಇಷ್ಟು ಒಳ್ಳೆಯ ಅವಕಾಶ ಬೇರೆ ಸಿಗದು. ಹಾಂಗ್‌ಕಾಂಗ್ ಹಳೆಯ ನಿರ್ದೇಶಕರಿಗೆ ಕನಿಷ್ಠ ಗಂಟೆ ಗೊತ್ತುಮಾಡದೆ, ಯಾವ ವಿಷಯಗಳನ್ನು ಪ್ರತಿವರ್ಷ ಕಲಿಯಬೇಕು ಎಂದಷ್ಟೇ ಹೇಳಿರುವುದು ತುಸು ವಿವೇಕದ ನಡೆ ಎನಿಸುತ್ತದೆ. ಅಪಾಯ ನಿರ್ವಹಣೆ ಮತ್ತು ತಮ್ಮ ಉದ್ಯಮದಲ್ಲಿ ಆಗುತ್ತಿರುವ ಬದಲಾವಣೆ ಆ ಪಟ್ಟಿಯಲ್ಲಿವೆ.

ನಿರಂತರ ಕಲಿಕೆಯ ಮಾತಿಗೆ ಬಂದರೆ ಒತ್ತಡ ಈಗ ಎಲ್ಲಕ್ಕಿಂತ ಹೆಚ್ಚಿರುವುದು ತಂತ್ರಜ್ಞಾನದ ಕಡೆಯಿಂದ. ಯುರೋಪಿಯನ್ ಒಕ್ಕೂಟದ ಸೈಬರ್ ಭದ್ರತಾ ನಿರ್ದೇಶನ ಎನ್‌ಐಎಸ್ 2, ಮುಖ್ಯ ವಲಯಗಳ ಕಂಪನಿಗಳ ಆಡಳಿತ ಮಂಡಳಿ ಸದಸ್ಯರೇ ತರಬೇತಿ ಪಡೆಯಬೇಕು ಎನ್ನುತ್ತದೆ. ಬ್ಯಾಂಕು, ವಿಮೆಯಂಥ ಹಣಕಾಸು ಸಂಸ್ಥೆಗಳಿಗೆ 2025ರ ಜನವರಿ 17ರಿಂದ ಅನ್ವಯವಾದ, ಅದೇ ಒಕ್ಕೂಟದ ಡೋರಾ ನಿಯಮಾವಳಿಯೂ ಮಂಡಳಿಯ ಸದಸ್ಯರು ತಂತ್ರಜ್ಞಾನದ ಅಪಾಯವನ್ನು ಅರಿಯುವಷ್ಟು ಜ್ಞಾನವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು ಎನ್ನುತ್ತದೆ. ಅಮೆರಿಕದ ಷೇರು ನಿಯಂತ್ರಕ ಸಂಸ್ಥೆ, ಯಾವ ನಿರ್ದೇಶಕರಿಗೆ ಸೈಬರ್ ಪರಿಣತಿ ಇದೆ ಎಂದು ಕಂಪನಿಗಳು ಬಹಿರಂಗಪಡಿಸಬೇಕೆಂಬ ಪ್ರಸ್ತಾಪ ಮುಂದಿಟ್ಟು, 2023ರ ಅಂತಿಮ ನಿಯಮದಲ್ಲಿ ಅದನ್ನು ಕೈಬಿಟ್ಟಿತು. ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಮಂಡಳಿಯಲ್ಲಿ ಒಬ್ಬ ‘ಸೈಬರ್ ತಜ್ಞ’ ಕುಳಿತ ದಿನವೇ ಉಳಿದ ಎಂಟು ಜನ ಆ ವಿಷಯ ಬಂದಾಗಲೆಲ್ಲ ಅವರ ಮುಖ ನೋಡಲು ಶುರುಮಾಡುತ್ತಾರೆ. ಆ ಎಂಟು ಜನಕ್ಕೂ ಗೊತ್ತಿರಬೇಕಾದದ್ದು ಕಡಿಮೆ, ಆದರೆ ಗಟ್ಟಿ: ಎಲ್ಲ ಕಂಪ್ಯೂಟರುಗಳೂ ನಿಂತರೆ ಎಷ್ಟು ದಿನದಲ್ಲಿ ವ್ಯವಹಾರ ಮತ್ತೆ ಶುರುವಾಗುತ್ತದೆ, ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ಕಟ್ಟುವ ಪ್ರಯೋಗವನ್ನು ಕೊನೆಯ ಬಾರಿ ಮಾಡಿದ್ದು ಯಾವಾಗ, ಸುಲಿಗೆಕೋರರು ಹಣ ಕೇಳಿದರೆ ನಿರ್ಧಾರ ಯಾರದ್ದು. ಎರಡು ಗಂಟೆ ಮೇಜಿನ ಸುತ್ತ ಕೂತು ಅಂಥ ದಾಳಿಯೊಂದನ್ನು ಆಡಿ ನೋಡಿದರೆ, ಮೊದಲ ಇಪ್ಪತ್ತು ನಿಮಿಷದಲ್ಲಿಯೇ ಯಾರಿಗೆ ಯಾರು ಫೋನ್ ಮಾಡಬೇಕೆಂಬುದೇ ಗೊತ್ತಿಲ್ಲ ಎಂಬ ಸತ್ಯ ಬಯಲಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಅಮೆರಿಕದ ಇಂಧನ ಕಂಪನಿ ಎನ್ರಾನ್ ಅಡ್ಡ ಬಂದು ನಿಲ್ಲುತ್ತದೆ. 2001ರಲ್ಲಿ ಕುಸಿದ ಆ ಕಂಪನಿಯ ಆಡಿಟ್ ಸಮಿತಿಯ ಅಧ್ಯಕ್ಷರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೆಕ್ಕಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಅಲ್ಲಿನ ಬಿಸಿನೆಸ್ ಸ್ಕೂಲ್‌ನ ಡೀನ್ ಆಗಿದ್ದವರು. ಅವರಿಗೆ ಬ್ಯಾಲೆನ್ಸ್ ಶೀಟ್ ಓದಲು ಕಲಿಸುವವರು ಯಾರು? ಆದರೂ ಕಂಪನಿಯ ಹಣಕಾಸು ಮುಖ್ಯಸ್ಥನೇ ನಡೆಸುವ ಹೊರಗಿನ ಪಾಲುದಾರಿಕೆಗಳ ಜೊತೆ ಕಂಪನಿ ವ್ಯವಹಾರ ಮಾಡಬಹುದು ಎಂದು 1999ರಲ್ಲಿ ಮಂಡಳಿ ಒಪ್ಪಿಗೆ ಕೊಟ್ಟಿತು. ಹಿತಾಸಕ್ತಿಯ ಸಂಘರ್ಷ ಎದುರಿಗೇ ಇತ್ತು, ಅದಕ್ಕೆಂದು ಕೆಲವು ಕಟ್ಟುಪಾಡುಗಳನ್ನೂ ಹಾಕಿಕೊಂಡಿದ್ದರು. ಆ ಕಟ್ಟುಪಾಡುಗಳು ಪಾಲನೆಯಾಗುತ್ತಿವೆಯೇ ಎಂದು ಬೆನ್ನು ಹತ್ತಿ ನೋಡಲಿಲ್ಲ. ಜ್ಞಾನದ ಕೊರತೆಯಿಂದ ಆದ ಅನಾಹುತ ಇದಲ್ಲ, ಹಾಗಾಗಿ ತರಬೇತಿಯ ಮಿತಿಯನ್ನೂ ಒಪ್ಪಿಕೊಳ್ಳಬೇಕು. ಗೆಲ್ಲುತ್ತಿರುವಂತೆ ಕಾಣುವ ಆಡಳಿತ ವರ್ಗವನ್ನು ತಡೆದು ನಿಲ್ಲಿಸುವ ಎದೆಗಾರಿಕೆಯನ್ನು ಯಾವ ಶಿಬಿರವೂ ಕೊಡದು. ಅದು ಅಧ್ಯಕ್ಷರು ಸಭೆ ನಡೆಸುವ ರೀತಿಯಿಂದ, ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ಬರೆಯುವ ರೂಢಿಯಿಂದ ಬರುವಂಥದ್ದು. ಆದರೆ ಒಂದು ಮಾತು ಸೇರಿಸಬೇಕು. ತನಗೆ ವಿಷಯ ಸರಿಯಾಗಿ ಗೊತ್ತಿಲ್ಲ ಎಂಬ ಅಳುಕಿನಿಂದ ಬಾಯಿ ಮುಚ್ಚಿಕೊಂಡು ಕೂರುವ ನಿರ್ದೇಶಕರ ಸಂಖ್ಯೆ ಎಲ್ಲ ಗೊತ್ತಿದ್ದೂ ಸುಮ್ಮನಿರುವವರಿಗಿಂತ ದೊಡ್ಡದು ಎಂದು ನನಗನಿಸುತ್ತದೆ, ಮತ್ತು ಮೊದಲನೆಯ ಬಗೆಯ ಮೌನಕ್ಕೆ ಶಿಕ್ಷಣ ಮದ್ದಾಗಬಲ್ಲದು.

ಸಮಯ ಎಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದು. ಐದಾರು ಕಂಪನಿಗಳ ಮಂಡಳಿಯಲ್ಲಿ ಕೂತವರಿಗೆ ಪ್ರತಿ ಕಂಪನಿಯನ್ನೂ ಹೀಗೆ ಅಗೆದು ನೋಡಲು ಆಗದು. ಬ್ರಿಟನ್ನಿನ ಬ್ಯಾಂಕುಗಳ ಕುಸಿತದ ನಂತರ 2009ರಲ್ಲಿ ಬಂದ ವಾಕರ್ ವರದಿ, ದೊಡ್ಡ ಬ್ಯಾಂಕಿನ ಹೊರಗಿನ ನಿರ್ದೇಶಕರು ವರ್ಷಕ್ಕೆ 30ರಿಂದ 36 ದಿನಗಳನ್ನಾದರೂ ಮೀಸಲಿಡಬೇಕು ಎಂದಿತ್ತು. ಆ ಲೆಕ್ಕ ಹಿಡಿದರೆ ಐದು ಮಂಡಳಿ ಎಂದರೆ ಐದಾರು ತಿಂಗಳ ದುಡಿಮೆ. ಅಷ್ಟು ಬಿಡುವು ಇಲ್ಲದವರು ಕಡಿಮೆ ಮಂಡಳಿಗಳಲ್ಲಿ ಕೂರಬೇಕು, ಬೇರೆ ಉಪಾಯವಿಲ್ಲ.

ಪ್ರಾಯೋಗಿಕವಾಗಿ ಒಂದು ಸಣ್ಣ ಬದಲಾವಣೆಯಿಂದ ಶುರುಮಾಡಬಹುದು. ಪರಿಚಯ ಕಾರ್ಯಕ್ರಮವನ್ನು ಎರಡು ಕಂತಿನಲ್ಲಿ ನಡೆಸುವುದು. ಮೊದಲ ಕಂತು ಸೇರಿದ ತಿಂಗಳಲ್ಲಿ, ಚಿಕ್ಕದಾಗಿ. ಎರಡನೆಯದು ಆರು ತಿಂಗಳ ನಂತರ, ಎರಡು ಮೂರು ಸಭೆಗಳನ್ನು ಕಂಡ ಮೇಲೆ; ಅದರ ವಿಷಯಗಳನ್ನು ಹೊಸ ನಿರ್ದೇಶಕರೇ ಗೊತ್ತುಮಾಡಬೇಕು. ಅದು ಮುಗಿದ ಮೇಲೆ ಅವರು ಇಡೀ ಮಂಡಳಿಯ ಮುಂದೆ, ಆಡಳಿತ ವರ್ಗದವರನ್ನು ಹೊರಗೆ ಕಳುಹಿಸಿ, ಅರ್ಧ ಗಂಟೆ ಮಾತನಾಡಬೇಕು: ಈ ಕಂಪನಿ ದುಡ್ಡು ಮಾಡುವುದು ಹೇಗೆಂದು ನನಗೆ ಅರ್ಥವಾಗಿದೆ, ಅದು ಎಲ್ಲಿ ಮುಗ್ಗರಿಸಬಹುದು ಎಂದು ತೋರುತ್ತದೆ, ನಮಗೆ ಬರುವ ಕಾಗದಗಳಲ್ಲಿ ಏನು ಇಲ್ಲ. ಹತ್ತು ವರ್ಷದಿಂದ ಅಲ್ಲೇ ಕೂತವರು ಪೆನ್ನು ತೆಗೆದು ಟಿಪ್ಪಣಿ ಬರೆದುಕೊಳ್ಳುವುದು ಬಹುಶಃ ಆ ಅರ್ಧ ಗಂಟೆಯಲ್ಲಿ.